ಡಿಸ್ಟ್ರೋ ಮೇಲೆ ಡಿಸ್ಟ್ರೋ ಹಾಕಿ ನೋಡೋರಿಗೆ: ಡಿಸ್ಕ್ ಹೇಗೆ ಹಂಚಬೇಕು, ಹೋಮ್ ಒಂದೇ ಇಡಬಹುದಾ?

ಪಾರ್ಟಿಷನ್_ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ಲ್ಯಾಪ್‌ಟಾಪಿನಲ್ಲಿ 512 ಜಿಬಿ ಎನ್‌ವಿಎಂಇ ಡಿಸ್ಕ್, 16 ಜಿಬಿ ರ‍್ಯಾಮ್. ವಿಂಡೋಸ್ 11 ತೆಗೆಯೋ ಹಾಗಿಲ್ಲ. ದಿನದ ಕೆಲಸಕ್ಕೆ ಮಿಂಟ್ ಅನ್ನೋ ಲಿನಕ್ಸ್ ಡಿಸ್ಟ್ರೋ (ಲಿನಕ್ಸಿನ ಒಂದು ಸಿದ್ಧ ರೂಪ) ಇಟ್ಟುಕೊಂಡು ಪಕ್ಕದಲ್ಲಿ ಫೆಡೋರಾ, ಆರ್ಚ್, ಟಂಬಲ್‌ವೀಡ್ ಎಲ್ಲ ಹಾಕಿ ನೋಡೋ ಆಸೆ. ಆದರೆ ಹೊಸದೊಂದು ಹಾಕಿದ ಕೂಡಲೇ ಹಳೇದರ ಬೂಟ್ ಮೆನು ಕಾಣೆ, ಡೆಸ್ಕ್‌ಟಾಪ್ ಸೆಟ್ಟಿಂಗ್ ಕಲಸುಮೇಲೋಗರ, ಮಿಂಟ್ ಬೂಟ್ ಆಗುವಾಗ ಒಂದೂವರೆ ನಿಮಿಷ ಸುಮ್ಮನೆ ನಿಲ್ಲುತ್ತೆ.

ಡಿಸ್ಕನ್ನ ಹೇಗೆ ಹಂಚಿದರೆ ಒಂದರ ತಂಟೆಗೆ ಇನ್ನೊಂದು ಬರಲ್ಲ? ಹೋಮ್ ಪಾರ್ಟಿಷನ್ (ನನ್ನ ಫೈಲು, ಸೆಟ್ಟಿಂಗ್ ಇರೋ ಡಿಸ್ಕ್ ಭಾಗ) ಎಲ್ಲಕ್ಕೂ ಒಂದೇ ಸಾಕಾ? ಬೇಡವಾದ ಡಿಸ್ಟ್ರೋವನ್ನ ಬೇರುಸಹಿತ ಕೀಳೋದು ಹೇಗೆ?

ವರ್ಚುವಲ್_ವೀರ
ಡಿಸ್ಕ್ ಯಾಕೆ ಮುಟ್ತೀರ ಗುರು? ವರ್ಟ್ ಮ್ಯಾನೇಜರ್ (ಕಂಪ್ಯೂಟರಿನೊಳಗೇ ನಕಲಿ ಕಂಪ್ಯೂಟರ್, ಅಂದರೆ ವರ್ಚುವಲ್ ಮೆಷೀನ್ ಓಡಿಸೋ ತಂತ್ರಾಂಶ) ಹಾಕಿ, 4 ಜಿಬಿ ರ‍್ಯಾಮ್, 25 ಜಿಬಿ ಡಿಸ್ಕ್ ಕೊಟ್ಟು ಎಲ್ಲ ಅದರೊಳಗೇ ನೋಡಿ. ಬೇಡ ಅಂದರೆ ಡಿಲೀಟ್.

ಗ್ರಬ್_ಗೆಳೆಯ
ವರ್ಚುವಲ್ ಮೆಷೀನಿನಲ್ಲಿ ಪ್ಯಾಕೇಜ್ ಮ್ಯಾನೇಜರ್ ಹೇಗಿದೆ, ಇನ್‌ಸ್ಟಾಲರ್ ಹೇಗಿದೆ ಅಂತ ಗೊತ್ತಾಗುತ್ತೆ. ಲ್ಯಾಪ್‌ಟಾಪ್ ಮುಚ್ಚಿ ತೆಗೆದರೆ ಏಳುತ್ತಾ, ವೈಫೈ ಹಿಡಿಯುತ್ತಾ, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಇದ್ಯಾವುದೂ ಗೊತ್ತಾಗಲ್ಲ. ಡಿಸ್ಟ್ರೋ ಬಿಟ್ಟು ಹೋಗೋರಲ್ಲಿ ಹೆಚ್ಚಿನವರು ಬಿಡೋದು ಇವೇ ಕಾರಣಕ್ಕೆ.

ಮೂಲ ಪ್ರಶ್ನೆಗೆ ಬರ್ತೀನಿ. 512 ಜಿಬಿ ಡಿಸ್ಕ್ ಲಿನಕ್ಸ್ ಲೆಕ್ಕದಲ್ಲಿ ಸುಮಾರು 476 ಜಿಬಿ ಕಾಣುತ್ತೆ. ಅದನ್ನ ಹೀಗೆ ಹಂಚಿ. ವಿಂಡೋಸಿಗೆ 150. ಇಎಫ್‌ಐ ಪಾರ್ಟಿಷನ್ (ಬೂಟ್ ಮಾಡಿಸೋ ಫೈಲುಗಳು ಇರೋ ಜಾಗ) 1 ಜಿಬಿ. ದಿನಬಳಕೆಯ ಮಿಂಟಿನ ರೂಟ್ (ಸಿಸ್ಟಮ್ ಇರೋ ಪಾರ್ಟಿಷನ್) 60, ಅದರ ಹೋಮ್ ಅದರೊಳಗೇ ಇರಲಿ. ಪರೀಕ್ಷೆಗೆ ಅಂತ 40-40ರ ಎರಡು ಜಾಗ. ಉಳಿದದ್ದೆಲ್ಲ ಡೇಟಾ ಅನ್ನೋ ಒಂದೇ ಇಎಕ್ಸ್‌ಟಿ4 ಪಾರ್ಟಿಷನ್.

ಹೋಮ್ ಹಂಚಿಕೊಳ್ಳಬೇಡಿ, ಡೇಟಾ ಹಂಚಿಕೊಳ್ಳಿ. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಫೋಟೋ, ಹಾಡು, ಪ್ರಾಜೆಕ್ಟ್ ಫೋಲ್ಡರ್ ಎಲ್ಲ ಡೇಟಾ ಪಾರ್ಟಿಷನ್ನಿನಲ್ಲಿ. ಪ್ರತಿ ಡಿಸ್ಟ್ರೋದ ಹೋಮ್‌ನಿಂದ ಅಲ್ಲಿಗೆ ಸಿಮ್‌ಲಿಂಕ್ (ದಾರಿ ತೋರಿಸೋ ಕೊಂಡಿ). ಚುಕ್ಕೆಯಿಂದ ಶುರುವಾಗೋ ಫೈಲ್, ಫೋಲ್ಡರ್ (ಸೆಟ್ಟಿಂಗ್ ಇರೋವು) ಯಾವುದೂ ಅಲ್ಲಿಗೆ ಹೋಗಬಾರದು.

ಪಾರ್ಟಿಷನ್_ಪ್ರಶ್ನೆ
ಹೋಮ್ ಬೇರೆ ಪಾರ್ಟಿಷನ್ನಿನಲ್ಲಿ ಇಡಿ ಅಂತಾನೇ ಎಲ್ಲ ಕಡೆ ಬರೆದಿರುತ್ತಲ್ಲ?

ಗ್ರಬ್_ಗೆಳೆಯ
ಒಂದೇ ಡಿಸ್ಟ್ರೋವನ್ನ ಮತ್ತೆ ಇನ್‌ಸ್ಟಾಲ್ ಮಾಡೋರಿಗೆ ಆ ಸಲಹೆ ಸರಿ. ಎರಡು ಡಿಸ್ಟ್ರೋ ಒಂದೇ ಹೋಮ್ ಬಳಸಿದರೆ ಆಗೋದೇ ಬೇರೆ. ಫೈರ್‌ಫಾಕ್ಸನ್ನೇ ತಗೊಳ್ಳಿ. ಆರ್ಚಿನಲ್ಲಿ ಹೊಸ ಆವೃತ್ತಿ ಆ ಪ್ರೊಫೈಲನ್ನ ಒಮ್ಮೆ ತೆರೆಯಿತು ಅಂದರೆ, ಡೆಬಿಯನ್ನಿನ ಹಳೇ ಆವೃತ್ತಿ ಅದೇ ಪ್ರೊಫೈಲ್ ತೆರೆಯೋಕೆ ಒಪ್ಪಲ್ಲ, ಹೊಸ ಪ್ರೊಫೈಲ್ ಮಾಡು ಅನ್ನುತ್ತೆ. ಅದು ದೋಷ ಅಲ್ಲ, ಡೇಟಾ ಕೆಡದಿರಲಿ ಅಂತ ಬೇಕೆಂದೇ ಇಟ್ಟಿರೋ ತಡೆ. ಕೆಡಿಇಯ ಪ್ಲಾಸ್ಮಾ ಅನ್ನೋ ಡೆಸ್ಕ್‌ಟಾಪಿನ ಕಥೆನೂ ಹಾಗೇ. ಪ್ಲಾಸ್ಮಾ 6 ಬರೆದ ಪ್ಯಾನೆಲ್ ಸೆಟ್ಟಿಂಗನ್ನ ಪ್ಲಾಸ್ಮಾ 5 ಓದಿದರೆ ವಿಜೆಟ್‌ಗಳು ಕಾಣೆಯಾಗುತ್ತವೆ. ನೀವು ಹೇಳಿದ ಕಲಸುಮೇಲೋಗರ ಅಲ್ಲಿಂದಲೇ ಬಂದಿರೋದು.

ಡೆಬಿಯನ್_ಭಕ್ತ
ಒಪ್ಪಿದೆ. ಜತೆಗೆ ಡೇಟಾ ಪಾರ್ಟಿಷನ್ನಿನ ಎಫ್‌ಎಸ್‌ಟ್ಯಾಬ್ (ಬೂಟ್ ಆಗುವಾಗ ಯಾವ ಪಾರ್ಟಿಷನ್ ಎಲ್ಲಿ ತೆರೆಯಬೇಕು ಅನ್ನೋ ಪಟ್ಟಿ) ಸಾಲಿನಲ್ಲಿ 'ನೋಫೇಲ್' ಅನ್ನೋ ಆಪ್ಷನ್ ಮರೀಬೇಡಿ. ಅದಿಲ್ಲದಿದ್ದರೆ ಆ ಪಾರ್ಟಿಷನ್ನಿಗೆ ಏನಾದರೂ ಆದ ದಿನ ಇಡೀ ಸಿಸ್ಟಮ್ ಎಮರ್ಜೆನ್ಸಿ ಮೋಡಿಗೆ ಹೋಗಿ ಕೂರುತ್ತೆ. ಡಿಸ್ಕಿನ ಹೆಸರು ಬರೆಯಬೇಡಿ, ಯುಯುಐಡಿ (ಪಾರ್ಟಿಷನ್ನಿನ ವಿಶಿಷ್ಟ ಗುರುತು) ಬರೆಯಿರಿ. 'ಬಿಎಲ್‌ಕೆಐಡಿ' ಕಮಾಂಡ್ ಕೊಟ್ಟರೆ ಸಿಗುತ್ತೆ.

ಯೂಸರ್ ಸಂಖ್ಯೆಯನ್ನೂ ನೋಡಿಕೊಳ್ಳಿ. ಹೆಚ್ಚಿನ ಡಿಸ್ಟ್ರೋಗಳಲ್ಲಿ ಮೊದಲ ಬಳಕೆದಾರನ ಸಂಖ್ಯೆ 1000, ಹಾಗಾಗಿ ಹೆಸರು ಬೇರೆ ಇದ್ದರೂ ಫೈಲ್ ಅನುಮತಿ ಸರಿಹೋಗುತ್ತೆ. 'ಐಡಿ' ಅಂತ ಕಮಾಂಡ್ ಕೊಟ್ಟು ಖಾತ್ರಿ ಮಾಡಿಕೊಂಡು ಮುಂದೆ ಹೋಗಿ.

ಬೂಟ್_ಬೇಗ
ಒಂದೂವರೆ ನಿಮಿಷ ಕಾಯೋದಕ್ಕೆ ಕಾರಣ ಸ್ವಾಪ್, ಅಂದರೆ ರ‍್ಯಾಮ್ ಸಾಲದಾಗ ಬಳಸೋ ಡಿಸ್ಕ್ ಜಾಗ. ಹೆಚ್ಚೂಕಡಿಮೆ ಖಚಿತ.

ಎರಡನೇ ಡಿಸ್ಟ್ರೋದ ಇನ್‌ಸ್ಟಾಲರ್ ಇರೋ ಸ್ವಾಪ್ ಪಾರ್ಟಿಷನ್ ಕಂಡ ತಕ್ಷಣ ಅದನ್ನ ಮತ್ತೆ ಫಾರ್ಮ್ಯಾಟ್ ಮಾಡುತ್ತೆ. ಯುಯುಐಡಿ ಬದಲಾಯಿತು. ಮಿಂಟಿನ ಎಫ್‌ಎಸ್‌ಟ್ಯಾಬಿನಲ್ಲಿ ಹಳೇ ಯುಯುಐಡಿಯೇ ಇದೆ. ಸಿಸ್ಟಮ್‌ಡಿ (ಬೂಟ್ ಆಗುವಾಗ ಎಲ್ಲವನ್ನೂ ಶುರುಮಾಡೋ ಪ್ರೋಗ್ರಾಂ) ಆ ಸಾಧನ ಬರುತ್ತೆ ಅಂತ 90 ಸೆಕೆಂಡ್ ಕಾಯುತ್ತೆ, ಆಮೇಲೆ ಕೈಬಿಡುತ್ತೆ. ಬೂಟ್ ಆಗುವಾಗ ಎಸ್ಕೇಪ್ ಒತ್ತಿದರೆ 'ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್' ಅನ್ನೋ ಸಾಲು ಕಾಣುತ್ತೆ, ನೋಡಿ.

ಎಫ್‌ಎಸ್‌ಟ್ಯಾಬಿನಲ್ಲಿ ಹೊಸ ಯುಯುಐಡಿ ಹಾಕಿ. ಅಷ್ಟಕ್ಕೇ ಮುಗಿಯಲ್ಲ. ಡೆಬಿಯನ್, ಉಬುಂಟು, ಮಿಂಟ್ ಕುಟುಂಬದಲ್ಲಿ ಇನಿಟ್‌ರಾಮ್‌ಎಫ್‌ಎಸ್ (ಬೂಟಿನ ಶುರುವಿನಲ್ಲಿ ಲೋಡ್ ಆಗೋ ಪುಟ್ಟ ಸಿಸ್ಟಮ್) ಸೆಟ್ಟಿಂಗಿನ 'ರೆಸ್ಯೂಮ್' ಫೈಲಿನಲ್ಲೂ ಹಳೇ ಯುಯುಐಡಿ ಇರಬಹುದು. ಅದನ್ನೂ ತಿದ್ದಿ 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್' ಓಡಿಸಿ.

ರೋಲಿಂಗ್_ರಾಣಿ
ಸ್ವಾಪ್ ಪಾರ್ಟಿಷನ್ನೇ ಬೇಡ. 16 ಜಿಬಿ ರ‍್ಯಾಮ್ ಇದೆ, ಹೈಬರ್ನೇಟ್ ಬೇಕಿಲ್ಲ ಅಂದರೆ ಪ್ರತಿ ಡಿಸ್ಟ್ರೋದ ರೂಟಿನಲ್ಲಿ ಒಂದು ಸ್ವಾಪ್ ಫೈಲ್ ಸಾಕು. ಇಲ್ಲವೇ ಝಡ್‌ರ‍್ಯಾಮ್. ಅದು ರ‍್ಯಾಮಿನೊಳಗೇ ಡೇಟಾ ಒತ್ತಿಡೋ ಸ್ವಾಪ್, ಫೆಡೋರಾ 33ರಿಂದ ಅದೇ ಡಿಫಾಲ್ಟ್. ಡೆಬಿಯನ್ ಕಡೆ 'ಝಡ್‌ರ‍್ಯಾಮ್-ಟೂಲ್ಸ್' ಹಾಕಿ, ಸೆಟ್ಟಿಂಗ್ ಫೈಲಿನಲ್ಲಿ ಅಲ್ಗಾರಿದಮ್ ಝಡ್‌ಎಸ್‌ಟಿಡಿ, ಪರ್ಸೆಂಟ್ 50 ಕೊಡಿ. ಹಂಚಿಕೊಳ್ಳೋಕೆ ಏನೂ ಇರಲ್ಲ, ಜಗಳನೂ ಇರಲ್ಲ.

ಪಾರ್ಟಿಷನ್_ಪ್ರಶ್ನೆ
ಸ್ವಾಪೇ! ಯುಯುಐಡಿ ಹೊಂದುತ್ತಿರಲಿಲ್ಲ. ಸರಿಪಡಿಸಿದ ಮೇಲೆ ತಕ್ಷಣ ಬೂಟ್ ಆಗ್ತಿದೆ. ಧನ್ಯವಾದ @ಬೂಟ್_ಬೇಗ.

ಇನ್ನು ಬೂಟ್ ಮೆನು ವಿಷಯ?

ಗ್ರಬ್_ಗೆಳೆಯ
ಇದನ್ನ ಬಿಡಿಸಿಯೇ ಹೇಳಬೇಕು, ಅರ್ಧ ತಲೆನೋವು ಇರೋದು ಇಲ್ಲೇ.

ಯುಇಎಫ್‌ಐ (ಬಯಾಸಿನ ಹೊಸ ರೂಪ) ಯಂತ್ರದಲ್ಲಿ ಪ್ರತಿ ಡಿಸ್ಟ್ರೋ ಇಎಫ್‌ಐ ಪಾರ್ಟಿಷನ್ನಿನೊಳಗೆ ತನ್ನ ಹೆಸರಿನ ಫೋಲ್ಡರ್ ಮಾಡಿಕೊಂಡು ಬೂಟ್‌ಲೋಡರ್ ಇಡುತ್ತೆ, ಫರ್ಮ್‌ವೇರಿನ ಪಟ್ಟಿಯಲ್ಲಿ ತನ್ನ ಹೆಸರನ್ನ ಮೊದಲಿಗೆ ಸೇರಿಸುತ್ತೆ. ಹಾಗಾಗಿ ಫೆಡೋರಾ ಹಾಕಿದ ಮೇಲೆ ಮಿಂಟ್ ಎಲ್ಲೂ ಹೋಗಿರಲ್ಲ, ಸರದಿಯಲ್ಲಿ ಹಿಂದೆ ಬಿದ್ದಿರುತ್ತೆ ಅಷ್ಟೇ. 'ಇಎಫ್‌ಐಬೂಟ್‌ಎಂಜಿಆರ್' ಕಮಾಂಡ್ ಕೊಟ್ಟರೆ ಪಟ್ಟಿ ಬರುತ್ತೆ. '-ಒ' ಜತೆ ಸಂಖ್ಯೆಗಳನ್ನ ಬೇಕಾದ ಕ್ರಮದಲ್ಲಿ ಕೊಟ್ಟರೆ ಸರದಿ ಬದಲಾಗುತ್ತೆ.

ಮೆನುವಿನಲ್ಲಿ ಬೇರೆ ಡಿಸ್ಟ್ರೋ ಕಾಣದಿರೋದು ಇನ್ನೊಂದು ವಿಷಯ. ಗ್ರಬ್ ಅಂದರೆ ಬೂಟ್ ಮೆನು ತೋರಿಸೋ ಬೂಟ್‌ಲೋಡರ್. ಅದರ 2021ರ 2.06 ಆವೃತ್ತಿಯಿಂದ ಓಎಸ್-ಪ್ರೋಬರ್ (ಬೇರೆ ಓಎಸ್‌ಗಳನ್ನ ಹುಡುಕೋ ಪ್ರೋಗ್ರಾಂ) ಡಿಫಾಲ್ಟ್ ಆಗಿ ಬಂದ್. ಇಟಿಸಿ, ಡಿಫಾಲ್ಟ್ ಒಳಗಿನ ಗ್ರಬ್ ಫೈಲ್ ತೆರೆದು 'ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್' ಸಾಲಿಗೆ 'ಫಾಲ್ಸ್' ಕೊಡಿ. ಮಿಂಟಿನಲ್ಲಿ 'ಅಪ್‌ಡೇಟ್-ಗ್ರಬ್', ಆರ್ಚಿನಲ್ಲಿ 'ಗ್ರಬ್-ಎಂಕೆಕಾನ್ಫಿಗ್ -ಒ' ಜತೆ ಬೂಟ್, ಗ್ರಬ್ ಫೋಲ್ಡರಿನ ಕಾನ್ಫಿಗ್ ಫೈಲಿನ ದಾರಿ. ಫೆಡೋರಾದಲ್ಲಿ ಹೆಸರು 'ಗ್ರಬ್2-ಎಂಕೆಕಾನ್ಫಿಗ್', ಫೋಲ್ಡರ್ ಕೂಡ ಗ್ರಬ್2.

ಕರ್ನಲ್_ಕುತೂಹಲ
ಓಎಸ್-ಪ್ರೋಬರ್ ಶಿಫಾರಸು ಮಾಡಬೇಡಿ ಸರ್. ಅದು ಬೇರೆ ಡಿಸ್ಟ್ರೋದ ಇವತ್ತಿನ ಕರ್ನಲ್ (ಸಿಸ್ಟಮಿನ ತಿರುಳು) ಹೆಸರನ್ನ ನಕಲು ಮಾಡಿಕೊಂಡು ಬರೆದಿಡುತ್ತೆ. ನಾಳೆ ಫೆಡೋರಾ ಕರ್ನಲ್ ಅಪ್‌ಡೇಟ್ ಮಾಡಿಕೊಂಡು ಹಳೇದನ್ನ ಅಳಿಸಿದರೆ ಮಿಂಟಿನ ಮೆನುವಿನಲ್ಲಿರೋ ದಾರಿ ಎಲ್ಲಿಗೂ ಹೋಗಲ್ಲ. ಪ್ರತಿ ಸಲ ಮಿಂಟಿಗೆ ಬಂದು ಮೆನು ಮತ್ತೆ ಕಟ್ಟಬೇಕು.

ಚೈನ್‌ಲೋಡ್ ಮಾಡಿ, ಅಂದರೆ ಒಂದು ಬೂಟ್‌ಲೋಡರಿನಿಂದ ಇನ್ನೊಂದು ಬೂಟ್‌ಲೋಡರನ್ನ ಎಬ್ಬಿಸಿ. ಗ್ರಬ್.ಡಿ ಫೋಲ್ಡರಿನ '40_ಕಸ್ಟಮ್' ಫೈಲಿನಲ್ಲಿ ಒಂದು ಮೆನುಎಂಟ್ರಿ. ಒಳಗೆ ಎರಡೇ ಸಾಲು: ಇಎಫ್‌ಐ ಪಾರ್ಟಿಷನ್ನಿನ ಯುಯುಐಡಿ ಕೊಟ್ಟು 'ಸರ್ಚ್', ಆಮೇಲೆ 'ಚೈನ್‌ಲೋಡರ್' ಜತೆ ಫೆಡೋರಾ ಫೋಲ್ಡರಿನ ಶಿಮ್ (ಮೊದಲು ಓಡೋ ಬೂಟ್ ಫೈಲ್) ಫೈಲಿನ ದಾರಿ. ಫೆಡೋರಾ ತನ್ನದೇ ಮೆನು ತೋರಿಸುತ್ತೆ, ಅದರ ಕರ್ನಲ್ ಉಸಾಬರಿ ಅದೇ ನೋಡಿಕೊಳ್ಳುತ್ತೆ.

ಗ್ರಬ್_ಗೆಳೆಯ
ಹೌದು, ಚೈನ್‌ಲೋಡೇ ಮೇಲು. ಫೈಲ್ ತಿದ್ದೋದು ಬೇಜಾರು ಅನ್ನೋರು ರೆಫೈಂಡ್ ಹಾಕಬಹುದು, ಅದು ಪ್ರತಿ ಬೂಟಿನಲ್ಲೂ ಇಎಫ್‌ಐ ಪಾರ್ಟಿಷನ್ ಹುಡುಕಿ ಸಿಕ್ಕಿದ್ದನ್ನೆಲ್ಲ ತೋರಿಸುತ್ತೆ.

ಹಸಿರು_ಪುದೀನ
ಮಿಂಟ್ ಬಳಸೋರಿಗೆ ಒಂದು ಎಚ್ಚರಿಕೆ. ಮಿಂಟ್ ತನ್ನ ಬೂಟ್‌ಲೋಡರ್ ಇಡೋದು 'ಉಬುಂಟು' ಅನ್ನೋ ಫೋಲ್ಡರಿನಲ್ಲಿ. ಅಂದರೆ ಪರೀಕ್ಷೆಗೆ ಅಂತ ಪಕ್ಕದಲ್ಲಿ ಉಬುಂಟು ಹಾಕಿದರೆ ಎರಡೂ ಒಂದೇ ಫೋಲ್ಡರಿಗೆ ಬರೆಯುತ್ತವೆ, ಕೊನೆಗೆ ಬರೆದವರದ್ದೇ ಉಳಿಯುತ್ತೆ. ಚೈನ್‌ಲೋಡೂ ಇಲ್ಲಿ ಉಪಯೋಗಕ್ಕೆ ಬರಲ್ಲ. ಉಬುಂಟು ಮೂಲದ ಎರಡನ್ನ ಒಂದೇ ಇಎಫ್‌ಐ ಪಾರ್ಟಿಷನ್ನಿನಲ್ಲಿ ಇಡೋದೇ ಬೇಡ. ಉಬುಂಟು ನೋಡಲೇಬೇಕು ಅಂದರೆ ವರ್ಚುವಲ್ ಮೆಷೀನ್ ವಾಸಿ.

ಪಾರ್ಟಿಷನ್_ಪ್ರಶ್ನೆ
ಇಎಫ್‌ಐ ಪಾರ್ಟಿಷನ್ 1 ಜಿಬಿ ಅಂದ್ರಲ್ಲ, ಈಗಿರೋದು 100 ಎಂಬಿ. ವಿಂಡೋಸ್ ಮಾಡಿದ್ದು. ಸಾಲಲ್ವಾ?

ಕರ್ನಲ್_ಕುತೂಹಲ
ಗ್ರಬ್ ಬಳಸೋ ಹೆಚ್ಚಿನ ಡಿಸ್ಟ್ರೋಗಳಿಗೆ ಸಾಕು. ಅಲ್ಲಿ ಹೋಗೋದು ಕೆಲವೇ ಎಂಬಿ. ಸಿಸ್ಟಮ್‌ಡಿ-ಬೂಟ್ ಅನ್ನೋ ಬೂಟ್‌ಲೋಡರ್ ಬಳಸೋದಾದರೆ ಸಾಲಲ್ಲ. ಕರ್ನಲ್, ಇನಿಟ್‌ರಾಮ್‌ಎಫ್‌ಎಸ್ ಎರಡನ್ನೂ ಇಎಫ್‌ಐ ಪಾರ್ಟಿಷನ್ನಿಗೇ ತರುತ್ತೆ, ಪಾಪ್ ಓಎಸ್‌ನಲ್ಲಿ ಆಗೋದು ಹಾಗೇ. ಆರ್ಚಿನಲ್ಲೂ ಇಎಫ್‌ಐ ಪಾರ್ಟಿಷನ್ನನ್ನೇ ಬೂಟ್ ಫೋಲ್ಡರ್ ಮಾಡಿಕೊಂಡರೆ ಇದೇ ಗತಿ. ಮೊದಲ ಸಲ ಹೇಗೋ ಹಿಡಿಸುತ್ತೆ, ಮುಂದಿನ ಕರ್ನಲ್ ಅಪ್‌ಡೇಟಿನಲ್ಲಿ ಜಾಗ ಸಾಲದೆ ಇನಿಟ್‌ರಾಮ್‌ಎಫ್‌ಎಸ್ ಅರ್ಧಕ್ಕೇ ನಿಲ್ಲುತ್ತೆ. ಆಮೇಲೆ ಬೂಟ್ ಆಗಲ್ಲ.

ಆರ್ಚಿನಲ್ಲಿ ಇಎಫ್‌ಐ ಪಾರ್ಟಿಷನ್ನನ್ನ 'ಇಎಫ್‌ಐ' ಅನ್ನೋ ಬೇರೆ ಫೋಲ್ಡರಿಗೆ ಮೌಂಟ್ ಮಾಡಿ ಗ್ರಬ್ ಹಾಕಿ, ಕರ್ನಲ್ ರೂಟಿನಲ್ಲೇ ಉಳಿಯುತ್ತೆ. ಇಲ್ಲದಿದ್ದರೆ ಲಿನಕ್ಸಿಗೇ ಎರಡನೇ ಇಎಫ್‌ಐ ಪಾರ್ಟಿಷನ್ 1 ಜಿಬಿಯದ್ದು ಮಾಡಿ. ಬಹುತೇಕ ಫರ್ಮ್‌ವೇರ್ ಒಪ್ಪುತ್ತೆ, ವಿಂಡೋಸಿನದ್ದನ್ನ ಮುಟ್ಟೋ ಪ್ರಮೇಯವೇ ಬರಲ್ಲ.

ಹಸಿರು_ಪುದೀನ
ಎರಡನೇದು ಮಾಡೋದಾದರೆ ಮಿಂಟ್ ಇನ್‌ಸ್ಟಾಲರಿನ ಹಳೇ ಚಾಳಿ ಗೊತ್ತಿರಲಿ. ಬೂಟ್‌ಲೋಡರಿಗೆ ಯಾವ ಪಾರ್ಟಿಷನ್ ಆರಿಸಿದರೂ ಅದು ಡಿಸ್ಕಿನ ಮೊದಲ ಇಎಫ್‌ಐ ಪಾರ್ಟಿಷನ್ನಿಗೇ ಹೋಗಿ ಬರೆಯುತ್ತೆ. ಲೈವ್ ಸೆಷನ್ನಿನ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡೋ ಲಿನಕ್ಸ್) ಜಿಪಾರ್ಟೆಡ್‌ನಲ್ಲಿ ವಿಂಡೋಸ್ ಪಾರ್ಟಿಷನ್ನಿನ 'ಬೂಟ್', 'ಇಎಸ್‌ಪಿ' ಫ್ಲ್ಯಾಗ್ ತಾತ್ಕಾಲಿಕವಾಗಿ ತೆಗೆದು, ಇನ್‌ಸ್ಟಾಲ್ ಮುಗಿದ ಮೇಲೆ ವಾಪಸ್ ಹಾಕಿ. ವಾಪಸ್ ಹಾಕೋದು ಮರೆತರೆ ವಿಂಡೋಸ್ ಅಪ್‌ಡೇಟ್ ಕೈಕೊಡಬಹುದು.

ಕಿಟಕಿ_ಪಕ್ಕ
ಇಷ್ಟೆಲ್ಲ ಮಾತಾಡಿದ್ರಿ, ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಎನ್‌ಕ್ರಿಪ್ಷನ್) ಬಗ್ಗೆ ಯಾರೂ ಹೇಳಲೇ ಇಲ್ಲ! ವಿಂಡೋಸ್ 11 ಇರೋ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆದ ತಕ್ಷಣ ಎನ್‌ಕ್ರಿಪ್ಷನ್ ತಾನಾಗೇ ಆನ್ ಆಗಿರುತ್ತೆ. ಆಮೇಲೆ ಸೆಕ್ಯೂರ್ ಬೂಟ್ (ಸಹಿ ಇರೋ ಬೂಟ್ ತಂತ್ರಾಂಶವನ್ನ ಮಾತ್ರ ಬಿಡೋ ತಡೆ) ಆಫ್ ಮಾಡಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತೆ. ಆ ಕೀ ಖಾತೆಯಲ್ಲಿದೆಯಾ ಅಂತ ಮೊದಲು ನೋಡಿ, ಕಾಗದದ ಮೇಲೆ ಬರೆದಿಡಿ, ಬಿಟ್‌ಲಾಕರ್ ಸಸ್ಪೆಂಡ್ ಮಾಡಿ, ಆಮೇಲೆ ಬಯಾಸಿಗೆ ಕೈ ಹಾಕಿ.

ವಿಂಡೋಸ್ ಪಾರ್ಟಿಷನ್ ಕುಗ್ಗಿಸೋದು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಆಗಲಿ. 'ಇಷ್ಟೇ ಕುಗ್ಗಿಸೋಕಾಗೋದು' ಅಂತ ಹಟ ಹಿಡಿದರೆ ಕಾರಣ ಸಾಮಾನ್ಯವಾಗಿ ಪೇಜ್ ಫೈಲ್, ಹೈಬರ್ನೇಷನ್ ಫೈಲ್, ರಿಸ್ಟೋರ್ ಪಾಯಿಂಟ್. ಮೂರನ್ನೂ ಬಂದ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಪ್ರಯತ್ನಿಸಿ.

ಫಾಸ್ಟ್ ಸ್ಟಾರ್ಟಪ್ ಕೂಡ ಬಂದ್ ಆಗಬೇಕು. ಇಲ್ಲದಿದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರೆನಿದ್ದೆಯಲ್ಲೇ ಇರುತ್ತೆ, ಲಿನಕ್ಸಿನಲ್ಲಿ ಆ ಎನ್‌ಟಿಎಫ್‌ಎಸ್ ಪಾರ್ಟಿಷನ್ ರೀಡ್-ಓನ್ಲಿ ಆಗೇ ತೆರೆಯೋದು.

ಬೂಟ್_ಬೇಗ
ಗಡಿಯಾರನೂ ಸೇರಿಸಿ. ವಿಂಡೋಸ್ ಮದರ್‌ಬೋರ್ಡ್ ಗಡಿಯಾರವನ್ನ ಸ್ಥಳೀಯ ಸಮಯ ಅಂದುಕೊಳ್ಳುತ್ತೆ, ಲಿನಕ್ಸ್ ಯುಟಿಸಿ ಅಂದುಕೊಳ್ಳುತ್ತೆ. ಒಂದರಿಂದ ಇನ್ನೊಂದಕ್ಕೆ ಹೋದಾಗೆಲ್ಲ ಟೈಮ್‌ಝೋನ್ ವ್ಯತ್ಯಾಸದಷ್ಟು ಸಮಯ ಹಿಂದೆ ಮುಂದೆ. ವಿಂಡೋಸ್ ರಿಜಿಸ್ಟ್ರಿಯಲ್ಲಿ 'ರಿಯಲ್‌ಟೈಮ್‌ಈಸ್‌ಯೂನಿವರ್ಸಲ್' ಅನ್ನೋ ಮೌಲ್ಯ 1 ಮಾಡಿದರೆ ಒಂದೇ ಕಡೆ ಕೆಲಸ ಮುಗಿಯುತ್ತೆ. ಇಲ್ಲದಿದ್ದರೆ ಹಾಕೋ ಪ್ರತಿ ಡಿಸ್ಟ್ರೋದಲ್ಲೂ 'ಟೈಮ್‌ಡೇಟ್‌ಸಿಟಿಎಲ್' ಓಡಿಸ್ತಾ ಕೂರಬೇಕು.

ಕಪ್ಪು_ಪರದೆ
ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ? ಕೆಲವು ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಪೆನ್‌ಡ್ರೈವ್ ಬಿಟ್ಟು ಬೇರೇನೂ ತೋರಿಸಲ್ಲ.

ಕಿಟಕಿ_ಪಕ್ಕ
ಬಯಾಸಿನಲ್ಲಿ ಆರ್‌ಎಸ್‌ಟಿ ಅಥವಾ ವಿಎಂಡಿ (ಇಂಟೆಲ್‌ನ ಡಿಸ್ಕ್ ಮೋಡುಗಳು) ಆನ್ ಇರುತ್ತೆ, ಅದನ್ನ ಎಎಚ್‌ಸಿಐಗೆ ಬದಲಿಸಬೇಕು. ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸುತ್ತೆ, ಅದಕ್ಕೆ ಎಎಚ್‌ಸಿಐ ಡ್ರೈವರ್ ಆಗ ಲೋಡ್ ಆಗಿರಲ್ಲ. ಮೊದಲು ವಿಂಡೋಸಿನಲ್ಲಿ 'ಬಿಸಿಡಿಎಡಿಟ್' ಬಳಸಿ ಸೇಫ್ ಬೂಟ್ ಮಿನಿಮಲ್ ಆನ್ ಮಾಡಿ. ರೀಸ್ಟಾರ್ಟ್ ಮಾಡಿ ಬಯಾಸಿನಲ್ಲಿ ಎಎಚ್‌ಸಿಐ. ವಿಂಡೋಸ್ ಸೇಫ್ ಮೋಡಿನಲ್ಲಿ ಎದ್ದು ಡ್ರೈವರ್ ಹಿಡಿದುಕೊಳ್ಳುತ್ತೆ. ಆಮೇಲೆ ಸೇಫ್ ಬೂಟ್ ತೆಗೆದುಬಿಡಿ.

ಐಎಸ್‌ಓ_ಸಂಗ್ರಹ
ಪೆನ್‌ಡ್ರೈವ್ ಬಗ್ಗೆ: ವೆಂಟಾಯ್ ಹಾಕಿ. ಒಂದು ಸಲ ಪೆನ್‌ಡ್ರೈವಿಗೆ ವೆಂಟಾಯ್ ಬರೆದರೆ ಆಮೇಲೆ ಐಎಸ್‌ಓ (ಡಿಸ್ಟ್ರೋ ಇನ್‌ಸ್ಟಾಲರ್) ಫೈಲುಗಳನ್ನ ಸುಮ್ಮನೆ ಕಾಪಿ ಮಾಡೋದು, ಮೆನುವಿನಲ್ಲಿ ಆರಿಸೋದು. 64 ಜಿಬಿಯದ್ದೊಂದು ಇದ್ದರೆ ಹತ್ತಾರು ಡಿಸ್ಟ್ರೋ ಜೇಬಿನಲ್ಲಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಮೊದಲ ಸಲ ನೀಲಿ ಪರದೆಯಲ್ಲಿ ಅದರ ಕೀ ಎನ್ರೋಲ್ ಮಾಡಬೇಕು. ಆರ್ಚ್ ಐಎಸ್‌ಓಗೆ ಮಾತ್ರ ಸೆಕ್ಯೂರ್ ಬೂಟ್ ಆಫ್ ಮಾಡಲೇಬೇಕು.

ಡೌನ್‌ಲೋಡ್ ಆದ ಫೈಲಿನ ಶಾ256 ಮೊತ್ತ ತಾಳೆ ನೋಡಿ. ಇನ್‌ಸ್ಟಾಲ್ ಅರ್ಧದಲ್ಲಿ ವಿಚಿತ್ರ ದೋಷ ಕೊಟ್ಟು ನಿಂತರೆ ಡಿಸ್ಟ್ರೋವನ್ನ ಬೈಯೋ ಮುಂಚೆ ಇದನ್ನ ನೋಡಬೇಕು.

ಡೆಬಿಯನ್_ಭಕ್ತ
ವೆಂಟಾಯ್ ಎಲ್ಲ ಐಎಸ್‌ಓಗೂ ಹೊಂದಲ್ಲ. ಇನ್‌ಸ್ಟಾಲರ್ ತನ್ನ ಮಾಧ್ಯಮವನ್ನೇ ಹುಡುಕಲಾರದೆ ನಿಂತರೆ ಅದೇ ಐಎಸ್‌ಓವನ್ನ 'ಡಿಡಿ' ಬಳಸಿ ಬೇರೆ ಪೆನ್‌ಡ್ರೈವಿಗೆ ಬರೆದು ನೋಡಿ. 'ಎಲ್‌ಎಸ್‌ಬಿಎಲ್‌ಕೆ'ಯಿಂದ ಡ್ರೈವ್ ಹೆಸರು ಗುರುತಿಸಿ. ಬರೆಯಬೇಕಾದ್ದು ಇಡೀ ಡ್ರೈವಿಗೆ, ಅಂದರೆ ಕೊನೆಯಲ್ಲಿ ಪಾರ್ಟಿಷನ್ ಸಂಖ್ಯೆ ಇರಬಾರದು. ಬ್ಲಾಕ್ ಸೈಜ್ 4ಎಂ, ಕೊನೆಗೆ 'ಎಫ್‌ಸಿಂಕ್' ಆಪ್ಷನ್. ಅದಿಲ್ಲದಿದ್ದರೆ ಮುಗಿಯಿತು ಅಂತ ತೋರಿಸಿದ ಮೇಲೂ ಅರ್ಧ ಡೇಟಾ ರ‍್ಯಾಮಿನಲ್ಲೇ ಇರುತ್ತೆ. ಎಂಟರ್ ಒತ್ತೋ ಮುಂಚೆ ಡ್ರೈವ್ ಹೆಸರು ಇನ್ನೊಂದು ಸಲ ಓದಿ. ಅಲ್ಲಿ ತಪ್ಪಾದರೆ ಲ್ಯಾಪ್‌ಟಾಪ್ ಡಿಸ್ಕೇ ಹೋಗುತ್ತೆ.

ನಿದ್ದೆ_ಪರೀಕ್ಷೆ
ಲೈವ್ ಸೆಷನ್ನಿನಲ್ಲೇ ನೋಡಿಬಿಡಬೇಕಾದ್ದು: ವೈಫೈ, ಬ್ಲೂಟೂತ್ ಹೆಡ್‌ಫೋನ್, ಮೈಕ್, ಬ್ರೈಟ್‌ನೆಸ್ ಕೀಲಿ, ಎರಡನೇ ಮಾನಿಟರ್, ಮುಚ್ಚಿ ತೆಗೆದರೆ ಏಳುತ್ತಾ. ಪೆನ್‌ಡ್ರೈವಿನಿಂದ ನಿಧಾನ ಓಡುತ್ತೆ ಅಂತ ಡಿಸ್ಟ್ರೋ ನಿಧಾನ ಅನ್ನೋಕಾಗಲ್ಲ, ಅದು ಪೆನ್‌ಡ್ರೈವಿನ ವೇಗ.

ನಿದ್ದೆ ಮೋಡಿನಲ್ಲಿ ಬ್ಯಾಟರಿ ಸೋರ್ತಿದ್ದರೆ ಸಿಸ್, ಪವರ್ ಒಳಗಿನ 'ಮೆಮ್_ಸ್ಲೀಪ್' ಫೈಲ್ ಓದಿ. 'ಎಸ್2ಐಡಲ್' ಒಂದೇ ಇದ್ದರೆ ನಿಮ್ಮ ಫರ್ಮ್‌ವೇರ್ ಕೊಡೋದೇ ಅಷ್ಟು, ಡಿಸ್ಟ್ರೋ ಬದಲಿಸಿ ಪ್ರಯೋಜನ ಇಲ್ಲ. 'ಡೀಪ್' ಕೂಡ ಇದ್ದರೆ ಕರ್ನಲ್ ಪ್ಯಾರಾಮೀಟರಿನಲ್ಲಿ ಅದನ್ನ ಆರಿಸಬಹುದು.

ಕಪ್ಪು_ಪರದೆ
ಎನ್‌ವಿಡಿಯಾ ಇರೋರ ಕಥೆ? ಡ್ರೈವರ್ ಹಾಕಿದ್ದಾಯ್ತು, ರೀಬೂಟ್ ಆಯ್ತು, ಆದರೂ ಎಲ್ಲ ಎಳೆದೆಳೆದು ಓಡುತ್ತೆ.

ಕರ್ನಲ್_ಕುತೂಹಲ
ಸೆಕ್ಯೂರ್ ಬೂಟ್ ಆನ್ ಇದೆಯಾ? ಇದ್ದರೆ ಸಹಿ ಇಲ್ಲದ ಮಾಡ್ಯೂಲನ್ನ ಕರ್ನಲ್ ಒಳಗೆ ಬಿಡಲ್ಲ. ಉಬುಂಟು, ಮಿಂಟಿನಲ್ಲಿ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿರುತ್ತೆ. ರೀಬೂಟ್ ಆದಾಗ ನೀಲಿ ಪರದೆ ಬರುತ್ತೆ, ಅಲ್ಲಿ 'ಎನ್ರೋಲ್ ಎಂಒಕೆ' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆ ಸ್ವಲ್ಪ ಹೊತ್ತೇ ಇರೋದು, ನೋಡದೆ ಬಿಟ್ಟರೆ ಮುಂದಕ್ಕೆ ಹೋಗಿಬಿಡುತ್ತೆ. ಎನ್‌ವಿಡಿಯಾ ಮಾಡ್ಯೂಲ್ ಲೋಡ್ ಆಗಿಲ್ಲ, ನೂವೋ ಬ್ಲ್ಯಾಕ್‌ಲಿಸ್ಟ್ ಆಗಿದೆ, ಇನ್ನುಳಿದಿದ್ದು ಎಲ್‌ಎಲ್‌ವಿಎಂಪೈಪ್. ಅಂದರೆ ಚಿತ್ರ ಬಿಡಿಸ್ತಿರೋದು ನಿಮ್ಮ ಸಿಪಿಯು. 'ಮೋಕ್‌ಯುಟಿಲ್' ಬಳಸಿ ಕೀಯನ್ನ ಮತ್ತೆ ಇಂಪೋರ್ಟ್ ಮಾಡಿ ರೀಬೂಟ್ ಮಾಡಿ.

ಡೆಬಿಯನ್_ಭಕ್ತ
ಇಷ್ಟೆಲ್ಲ ಓದಿದ ಮೇಲೆ ನನ್ನದೊಂದು ನೇರ ಪ್ರಶ್ನೆ. ಜನ 'ಡಿಸ್ಟ್ರೋ ಬದಲಿಸಿದೆ' ಅನ್ನುವಾಗ ಮುಕ್ಕಾಲು ಪಾಲು ಬದಲಿಸಿರೋದು ಡೆಸ್ಕ್‌ಟಾಪನ್ನ. ಪ್ಲಾಸ್ಮಾ ಫೆಡೋರಾದಲ್ಲೂ ಪ್ಲಾಸ್ಮಾನೇ, ಡೆಬಿಯನ್ನಿನಲ್ಲೂ ಪ್ಲಾಸ್ಮಾನೇ. ಡಿಸ್ಟ್ರೋ ಅಂದರೆ ಮೂರು ವಿಷಯ: ಪ್ಯಾಕೇಜ್ ಎಲ್ಲಿಂದ ಬರುತ್ತೆ, ಎಷ್ಟು ದಿನಕ್ಕೆ ಬದಲಾಗುತ್ತೆ, ಕೆಟ್ಟರೆ ಹಿಂದಕ್ಕೆ ಹೋಗೋದು ಹೇಗೆ. ಹೋಲಿಸಬೇಕಾದ್ದು ಇವನ್ನ. ಉಬುಂಟು ಎಲ್‌ಟಿಎಸ್ ಎರಡು ವರ್ಷಕ್ಕೊಂದು, ಬೆಂಬಲ 5 ವರ್ಷ. ನಡುವಿನ ಆವೃತ್ತಿಗಳಿಗೆ 9 ತಿಂಗಳು. ಫೆಡೋರಾ ಆರು ತಿಂಗಳಿಗೊಂದು, ಬೆಂಬಲ ಸುಮಾರು 13 ತಿಂಗಳು. ಆರ್ಚ್, ಟಂಬಲ್‌ವೀಡ್‌ಗೆ ಆವೃತ್ತಿ ಅನ್ನೋದೇ ಇಲ್ಲ. ವಾಲ್‌ಪೇಪರ್ ನೋಡಿ ಆರಿಸೋದಲ್ಲ.

ರೋಲಿಂಗ್_ರಾಣಿ
ಮಾತು ಸರಿ, ಆದರೆ ಪೂರ್ತಿ ಅಲ್ಲ. ಒಂದೇ ಸಿಸ್ಟಮಿನಲ್ಲಿ ನಾಲ್ಕು ಡೆಸ್ಕ್‌ಟಾಪ್ ಹಾಕಿ ನೋಡಿ, ಏನಾಗುತ್ತೆ ಅಂತ ಗೊತ್ತಾಗುತ್ತೆ. ಎರಡು ಕೀರಿಂಗ್, ಎರಡು ಫೈಲ್ ಮ್ಯಾನೇಜರ್, ಥೀಮ್ ಕಿತ್ತಾಟ. ಅದಕ್ಕಿಂತ ಕೆಟ್ಟದ್ದು ಪೋರ್ಟಲ್. ಗ್ನೋಮ್, ಕೆಡಿಇ ಎರಡರ ಎಕ್ಸ್‌ಡಿಜಿ ಪೋರ್ಟಲ್‌ಗಳೂ (ಆ್ಯಪ್ ಮತ್ತು ಡೆಸ್ಕ್‌ಟಾಪ್ ನಡುವಿನ ಕೊಂಡಿ) ಇದ್ದು ತಪ್ಪಾದದ್ದು ಎದ್ದರೆ ಆ್ಯಪ್ ತೆರೆಯೋಕೆ 25 ಸೆಕೆಂಡ್ ಹಿಡಿಯುತ್ತೆ. 25 ಯಾಕೆ ಅಂದರೆ ಡಿ-ಬಸ್ (ಪ್ರೋಗ್ರಾಂಗಳು ಮಾತಾಡಿಕೊಳ್ಳೋ ಮಾರ್ಗ) ಉತ್ತರಕ್ಕೆ ಕಾಯೋ ಡಿಫಾಲ್ಟ್ ಅವಧಿ ಅಷ್ಟು.

ಹಾಕಲೇಬೇಕು ಅಂದರೆ ಪ್ರತಿ ಡೆಸ್ಕ್‌ಟಾಪಿಗೂ ಬೇರೆ ಬಳಕೆದಾರನನ್ನ ಮಾಡಿ ಅದರಲ್ಲಿ ಲಾಗಿನ್ ಆಗಿ. ಬೇಡವಾದಾಗ ಆ ಬಳಕೆದಾರನ ಜತೆ ಸೆಟ್ಟಿಂಗೂ ಹೋಗುತ್ತೆ.

ಹಿಂದಕ್ಕೆ_ಬಟನ್
ಕೆಟ್ಟರೆ ಹಿಂದಕ್ಕೆ ಹೋಗೋದು ಅಂದ್ರಲ್ಲ, ಆ ವಿಷಯದಲ್ಲಿ ಟಂಬಲ್‌ವೀಡಿಗೆ ಜೈ. ಡಿಫಾಲ್ಟ್ ಆಗೇ ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್, ಅದರ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪ್ರತಿ) ನೋಡಿಕೊಳ್ಳೋ ಸ್ನ್ಯಾಪರ್. 'ಝಿಪ್ಪರ್ ಡಪ್' (ಅಪ್‌ಡೇಟ್ ಕಮಾಂಡ್) ಕೊಟ್ಟಾಗೆಲ್ಲ ಮುಂಚೆ ಒಂದು, ಆಮೇಲೆ ಒಂದು ಸ್ನ್ಯಾಪ್‌ಶಾಟ್. ಅಪ್‌ಡೇಟ್ ಕೆಟ್ಟರೆ ಬೂಟ್ ಮೆನುವಿನಲ್ಲಿ ಹಳೇ ಸ್ನ್ಯಾಪ್‌ಶಾಟ್ ಆರಿಸಿ, ಎದ್ದ ಮೇಲೆ 'ಸ್ನ್ಯಾಪರ್ ರೋಲ್‌ಬ್ಯಾಕ್', ಮತ್ತೆ ರೀಬೂಟ್. ಮುಗೀತು.

ಮಿಂಟಿನಲ್ಲಿ ಟೈಮ್‌ಶಿಫ್ಟ್ ಇದೆ. ಅದರ ಬಿಟಿಆರ್‌ಎಫ್‌ಎಸ್ ವಿಧಾನಕ್ಕೆ ಸಬ್‌ವಾಲ್ಯೂಮ್ (ಪಾರ್ಟಿಷನ್ನಿನ ಒಳಭಾಗ) ಹೆಸರು '@' ಮತ್ತು '@ಹೋಮ್' ಅಂತಲೇ ಇರಬೇಕು. ಫೆಡೋರಾ 'ರೂಟ್', 'ಹೋಮ್' ಅಂತ ಹೆಸರಿಡುತ್ತೆ, ಹಾಗಾಗಿ ಅಲ್ಲಿ ಟೈಮ್‌ಶಿಫ್ಟ್ ನೇರವಾಗಿ ಕೆಲಸ ಮಾಡಲ್ಲ. ಆರ್ಸಿಂಕ್ ವಿಧಾನ ಎಲ್ಲ ಕಡೆ ಆಗುತ್ತೆ, ಜಾಗ ಜಾಸ್ತಿ ತಿನ್ನುತ್ತೆ.

ನಿಕ್ಸ್_ನಂಟು
ಹಿಂದಕ್ಕೆ ಹೋಗೋದರಲ್ಲಿ ನಿಕ್ಸ್ ಓಎಸ್ ಮೀರಿಸೋದು ಯಾವುದಿದೆ? ಇಡೀ ಸಿಸ್ಟಮ್ ಒಂದು ಕಾನ್ಫಿಗರೇಷನ್ ಫೈಲಿನಲ್ಲಿ. ಪ್ರತಿ ರಿಬಿಲ್ಡೂ ಬೂಟ್ ಮೆನುವಿನಲ್ಲಿ ಒಂದು ಜನರೇಷನ್. ಪ್ಲಾಸ್ಮಾ ಬೇಕಾ, ಎರಡು ಸಾಲು ಸೇರಿಸಿ. ಬೇಡವಾ, ಆ ಸಾಲು ಅಳಿಸಿ, ಸಿಸ್ಟಮಿನಲ್ಲಿ ಕಸ ಉಳಿಯಲ್ಲ.

ಹಿಂದಕ್ಕೆ_ಬಟನ್
ಅದೆಲ್ಲ ನಿಜ. ಆದರೆ ವೆಬ್‌ಸೈಟಿನಿಂದ ಇಳಿಸಿದ ಸಿದ್ಧ ಬೈನರಿ ಅಲ್ಲಿ ಓಡಲ್ಲ ಅನ್ನೋದನ್ನೂ ಹೇಳಿ. ಬೇರೆ ಡಿಸ್ಟ್ರೋಗಳಲ್ಲಿ ಡೈನಾಮಿಕ್ ಲಿಂಕರ್ (ಪ್ರೋಗ್ರಾಂ ಜತೆ ಲೈಬ್ರರಿಗಳನ್ನ ಜೋಡಿಸೋದು) ಇರೋ ಜಾಗದಲ್ಲಿ ಅಲ್ಲಿ ನಿಜವಾದ ಲಿಂಕರ್ ಇರಲ್ಲ. ಹಳೇ ಆವೃತ್ತಿಗಳಲ್ಲಿ 'ನೋ ಸಚ್ ಫೈಲ್' ಅನ್ನುತ್ತಿತ್ತು, ಫೈಲ್ ಕಣ್ಣೆದುರೇ ಇರುತ್ತಿತ್ತು. ಹೊಸಬರು ಅಲ್ಲೇ ಕಂಗಾಲಾಗೋದು.

ನಿಕ್ಸ್_ನಂಟು
ಅದಕ್ಕೆ 'ನಿಕ್ಸ್-ಎಲ್‌ಡಿ' ಇದೆ, ಕಾನ್ಫಿಗರೇಷನ್ನಿನಲ್ಲಿ ಒಂದು ಸಾಲು ಆನ್ ಮಾಡಿದರೆ ಹೆಚ್ಚಿನವು ಓಡುತ್ತವೆ. ಹೊಸಬರಿಗೆ ಮೊದಲ ಡಿಸ್ಟ್ರೋ ಇದೇ ಆಗಲಿ ಅಂತ ನಾನೂ ಹೇಳಲ್ಲ.

ಪಾರ್ಟಿಷನ್_ಪ್ರಶ್ನೆ
ಆರ್ಚ್ ಹಾಕೋ ಮುಂಚೆ ಏನು ಗೊತ್ತಿರಬೇಕು?

ರೋಲಿಂಗ್_ರಾಣಿ
ಇನ್‌ಸ್ಟಾಲ್ ಈಗ ಕಷ್ಟ ಇಲ್ಲ, 2021ರಿಂದ ಐಎಸ್‌ಓದಲ್ಲೇ ಆರ್ಚ್‌ಇನ್‌ಸ್ಟಾಲ್ ಬರುತ್ತೆ. ಆದರೆ ಡಿಸ್ಕ್ ಭಾಗಕ್ಕೆ ಬಂದಾಗ ಕೈಯಾರೆ ಪಾರ್ಟಿಷನ್ ಆರಿಸಿ. ತಾನಾಗೇ ಮಾಡು ಅಂದರೆ ಇಡೀ ಡಿಸ್ಕ್ ಒರೆಸಿಬಿಡುತ್ತೆ.

ಆಮೇಲೆ ಆರ್ಚಿನ ಪ್ಯಾಕೇಜ್ ಮ್ಯಾನೇಜರ್ ಪ್ಯಾಕ್‌ಮ್ಯಾನಿಗೆ ಒಂದೇ ನಿಯಮ: 'ಪ್ಯಾಕ್‌ಮ್ಯಾನ್ -ಎಸ್‌ವೈ' ಜತೆ ಯಾವ ಪ್ಯಾಕೇಜೂ ಹಾಕಬಾರದು. ಅದು ಪಟ್ಟಿ ಹೊಸದು ಮಾಡಿ, ಆ ಒಂದೇ ಪ್ಯಾಕೇಜನ್ನ ಹೊಸ ಲೈಬ್ರರಿಗಳಿಗೆ ತಕ್ಕಂತೆ ತರುತ್ತೆ, ಉಳಿದ ಸಿಸ್ಟಮ್ ಹಳೇದೇ. ಯಾವಾಗಲೂ '-ಎಸ್‌ವೈಯು'. ಬಹಳ ದಿನ ಅಪ್‌ಡೇಟ್ ಮಾಡದೆ ಬಿಟ್ಟು ಪಿಜಿಪಿ ಸಹಿ ಸರಿಯಿಲ್ಲ ಅಂತ ದೋಷ ಬಂದರೆ ಮೊದಲು 'ಆರ್ಚ್‌ಲಿನಕ್ಸ್-ಕೀರಿಂಗ್' ಒಂದನ್ನ ಹೊಸದು ಮಾಡಿ, ಬೆನ್ನಿಗೇ ಪೂರ್ತಿ ಅಪ್‌ಡೇಟ್ ಕೊಡಿ. ನಿಯಮಕ್ಕೆ ಇದೊಂದೇ ವಿನಾಯಿತಿ.

ಆರ್ಚ್ ಮುಖಪುಟದ ಸುದ್ದಿ ಓದದೆ ಅಪ್‌ಡೇಟ್ ಮಾಡಬೇಡಿ. 2025ರ ಜೂನ್‌ನಲ್ಲಿ 'ಲಿನಕ್ಸ್-ಫರ್ಮ್‌ವೇರ್' ಪ್ಯಾಕೇಜ್ ಹಲವು ತುಂಡಾದಾಗ ಹಳೇದನ್ನ ಕೈಯಾರೆ ತೆಗೆದು ಮತ್ತೆ ಹಾಕಬೇಕಾಗಿತ್ತು. ಸುದ್ದಿ ಓದಿದವರಿಗೆ ಎರಡು ಕಮಾಂಡಿನ ಕೆಲಸ.

ಡೆಬಿಯನ್_ಭಕ್ತ
ಎಯುಆರ್ (ಆರ್ಚ್ ಬಳಕೆದಾರರೇ ನಡೆಸೋ ಪ್ಯಾಕೇಜ್ ಸಂಗ್ರಹ) ಪ್ಯಾಕೇಜ್ ಬೇಕು ಅನ್ನೋ ಒಂದೇ ಕಾರಣಕ್ಕೆ ಆರ್ಚ್ ಹಾಕೋರಿಗೆ ಡಿಸ್ಟ್ರೋಬಾಕ್ಸ್ (ಬೇರೆ ಡಿಸ್ಟ್ರೋವನ್ನ ಕಂಟೇನರಿನಲ್ಲಿ ಓಡಿಸೋ ಸಾಧನ) ಸಾಕು. ಪಾಡ್‌ಮ್ಯಾನ್ ಜತೆ ಅದನ್ನ ಡೆಬಿಯನ್ನಿನಲ್ಲಿ ಹಾಕಿ, ಒಳಗೆ ಆರ್ಚ್ ಕಂಟೇನರ್ ಎಬ್ಬಿಸಿ, ಆ್ಯಪ್ ಎಕ್ಸ್‌ಪೋರ್ಟ್ ಮಾಡಿದರೆ ಮೆನುವಿನಲ್ಲೇ ಬರುತ್ತೆ. ಒಂದು ಎಚ್ಚರ: ಡಿಫಾಲ್ಟ್ ಆಗಿ ಕಂಟೇನರ್ ನಿಮ್ಮ ಹೋಮನ್ನೇ ಬಳಸುತ್ತೆ. ಮೇಲೆ ಹೇಳಿದ ಪ್ರೊಫೈಲ್ ಕಿರಿಕಿರಿ ಇಲ್ಲೂ ಬರುತ್ತೆ, ಹಾಗಾಗಿ ಬೇರೆ ಹೋಮ್ ಫೋಲ್ಡರ್ ಕೊಡಿ.

ಕೀಲಿಮಣೆ_ಕನ್ನಡ
ಸ್ವಲ್ಪ ವಿಷಯಾಂತರ, ಇಲ್ಲಿ ಎಲ್ಲರಿಗೂ ಬೇಕಾದ್ದು. ಹೊಸ ಡಿಸ್ಟ್ರೋದಲ್ಲಿ ಕನ್ನಡ ಟೈಪಿಂಗ್ ಪ್ರತಿ ಸಲ ಹುಡುಕಬೇಕಾಗುತ್ತೆ. ಗ್ನೋಮ್ ಡೆಸ್ಕ್‌ಟಾಪ್ ಆದರೆ ಬೇರೆ ಭಾಷೆಯ ಟೈಪಿಂಗ್ ನೋಡಿಕೊಳ್ಳೋ ಐಬಸ್ ಇದ್ದೇ ಇರುತ್ತೆ, 'ಐಬಸ್-ಎಂ17ಎನ್' ಪ್ಯಾಕೇಜ್ ಹಾಕಿ ಲಾಗ್‌ಔಟ್ ಆಗಿ ಬಂದರೆ ಕಗಪ, ಐಟ್ರಾನ್ಸ್ ಎಲ್ಲ ಸಿಗುತ್ತೆ. ಪ್ಲಾಸ್ಮಾ ವೇಲ್ಯಾಂಡ್ ಆದರೆ ಐಬಸ್ ಅಥವಾ ಎಫ್‌ಸಿಐಟಿಎಕ್ಸ್5 ಹಾಕಿದರಷ್ಟೇ ಸಾಲದು, ಸಿಸ್ಟಮ್ ಸೆಟ್ಟಿಂಗಿನ ವರ್ಚುವಲ್ ಕೀಬೋರ್ಡ್ ಪುಟದಲ್ಲಿ ಅದನ್ನ ಆರಿಸಬೇಕು. ಅಷ್ಟೊಂದು ಬೇಡ ಅಂದರೆ ಕೀಬೋರ್ಡ್ ಲೇಔಟ್ ಪಟ್ಟಿಯಲ್ಲೇ ಕನ್ನಡ ಮತ್ತು ಕನ್ನಡ ಕಗಪ ಫೊನೆಟಿಕ್ ಎರಡೂ ಇವೆ, ಬೇರೆ ಏನೂ ಹಾಕಬೇಕಿಲ್ಲ.

ಅಕ್ಷರದ ಬದಲು ಚೌಕ ಕಂಡರೆ ಫಾಂಟ್ ಇಲ್ಲ ಅಂತ ಅರ್ಥ. ಡೆಬಿಯನ್, ಮಿಂಟಿನಲ್ಲಿ ಲೋಹಿತ್, ಗುಬ್ಬಿ, ನವಿಲು ಮೂರೂ ಪ್ಯಾಕೇಜ್ ಆಗಿ ಸಿಗುತ್ತವೆ. ಆರ್ಚಿನಲ್ಲಿ ನೋಟೋ ಫಾಂಟ್ಸ್ ಹಾಕಿ.

ಹಸಿರು_ಪುದೀನ
ಇದು ನಿಜಕ್ಕೂ ಬೇಕಿತ್ತು. ಧನ್ಯವಾದ.

ಹಳೇ_ಮದರ್‌ಬೋರ್ಡ್
32 ಬಿಟ್ ಯಂತ್ರಕ್ಕೆ ಈಗ ಏನು ಉಳಿದಿದೆ? ಸುಮ್ಮನೆ ಬಿಸಾಡೋಕೆ ಮನಸ್ಸಿಲ್ಲ.

ಡೆಬಿಯನ್_ಭಕ್ತ
ಆರ್ಚ್ 2017ರಲ್ಲೇ ಬಿಟ್ಟಿತು, ಫೆಡೋರಾ, ಉಬುಂಟು 2019ರಲ್ಲಿ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ಕ್ಕೆ 32 ಬಿಟ್ ಇಂಟೆಲ್ ಇನ್‌ಸ್ಟಾಲರ್ ಇಲ್ಲ. ಡೆಬಿಯನ್ 12 ಇನ್ನೂ ಹಾಕಬಹುದು, ಆಲ್ಪೈನ್ ಕೂಡ ಇದೆ. ಆದರೆ ಮೊದಲು 'ಎಲ್‌ಎಸ್‌ಸಿಪಿಯು' ಓಡಿಸಿ. 32 ಬಿಟ್ ವಿಂಡೋಸ್ ಇತ್ತು ಅಂತ ಸಿಪಿಯು 32 ಬಿಟ್ ಅಂದುಕೊಂಡಿರೋರು ಬಹಳ ಜನ. '64-ಬಿಟ್' ಅಂತ ತೋರಿಸಿದರೆ ಚಿಂತೆಯೇ ಇಲ್ಲ.

ಪಾರ್ಟಿಷನ್_ಪ್ರಶ್ನೆ
ನನ್ನ ಮೂರನೇ ಪ್ರಶ್ನೆ ಉಳಿದುಹೋಯ್ತು. ಕೀಳೋದು ಹೇಗೆ?

ಗ್ರಬ್_ಗೆಳೆಯ
ಮೊದಲು ಡೇಟಾ. ಹೋಮಿನಲ್ಲಿ ಉಳಿಸಬೇಕಾದ್ದು ಇದ್ದರೆ ತೆಗೆದಿಡಿ: ಎಸ್‌ಎಸ್‌ಎಚ್ ಕೀ, ಬ್ರೌಸರ್ ಪ್ರೊಫೈಲ್, ಫ್ಲ್ಯಾಟ್‌ಪ್ಯಾಕ್ ಆ್ಯಪ್‌ಗಳ ಡೇಟಾ ಇರೋ '.ವ್ಯಾರ್' ಫೋಲ್ಡರ್. ಎಕ್ಸ್‌ಫ್ಯಾಟ್ ಪೆನ್‌ಡ್ರೈವಿಗೆ ನೇರ ಕಾಪಿ ಮಾಡಿದರೆ ಅನುಮತಿಗಳು ಹೋಗುತ್ತವೆ, ವಾಪಸ್ ತಂದ ಮೇಲೆ ಎಸ್‌ಎಸ್‌ಎಚ್ ಆ ಕೀಯನ್ನ ಮುಟ್ಟಲ್ಲ, 600 ಅನುಮತಿ ಕೊಡಬೇಕು. ಟಾರ್ ಮಾಡಿ ಕಾಪಿ ಮಾಡಿದರೆ ಆ ಗೋಜಿಲ್ಲ. ಪ್ಯಾಕೇಜ್ ಪಟ್ಟಿಗೆ ಮಿಂಟ್, ಡೆಬಿಯನ್ನಿನಲ್ಲಿ 'ಆಪ್ಟ್-ಮಾರ್ಕ್ ಶೋಮ್ಯಾನುಯಲ್', ಆರ್ಚಿನಲ್ಲಿ 'ಪ್ಯಾಕ್‌ಮ್ಯಾನ್ -ಕ್ಯೂಕ್ಯೂಇ'.

ಮಿಂಟಿಗೆ ಬೂಟ್ ಆಗಿ. ಬೇಡವಾದ ಡಿಸ್ಟ್ರೋದ ಪಾರ್ಟಿಷನ್ ಅಳಿಸಿ. ಇಎಫ್‌ಐ ಪಾರ್ಟಿಷನ್ನಿನಲ್ಲಿ ಅದರ ಫೋಲ್ಡರ್ ಮಾತ್ರ ಅಳಿಸಿ. 'ಮೈಕ್ರೋಸಾಫ್ಟ್' ಮತ್ತು 'ಬೂಟ್' ಅನ್ನೋ ಫೋಲ್ಡರುಗಳ ಹತ್ತಿರ ಹೋಗಬೇಡಿ. 'ಇಎಫ್‌ಐಬೂಟ್‌ಎಂಜಿಆರ್'ನಲ್ಲಿ ಅದರ ಸಂಖ್ಯೆ ನೋಡಿ, '-ಬಿ' ಸಣ್ಣ ಅಕ್ಷರದ ಜತೆ ಆ ಸಂಖ್ಯೆ, ಆಮೇಲೆ ದೊಡ್ಡ ಅಕ್ಷರದ '-ಬಿ'. ಸಣ್ಣದು ಆರಿಸೋಕೆ, ದೊಡ್ಡದು ಅಳಿಸೋಕೆ. ಕೊನೆಗೆ '40_ಕಸ್ಟಮ್'ನಿಂದ ಆ ಮೆನುಎಂಟ್ರಿ ತೆಗೆದು 'ಅಪ್‌ಡೇಟ್-ಗ್ರಬ್'.

ಕಪ್ಪು_ಪರದೆ
ಗ್ರಬ್ ಯಾವುದರದ್ದು ಅಂತ ನೋಡದೆ ಅದರ ಪಾರ್ಟಿಷನ್ನೇ ಅಳಿಸಿಬಿಟ್ಟರೆ 'ಗ್ರಬ್' ಅಂತ ಬರೀ ಪ್ರಾಂಪ್ಟ್ ಬರುತ್ತಲ್ಲ, ಆಗ ಲೈವ್ ಪೆನ್‌ಡ್ರೈವೇ ಗತಿನಾ?

ಗ್ರಬ್_ಗೆಳೆಯ
ಬೇಕಿಲ್ಲ. ಮೊದಲು ಬಯಾಸ್ ಬೂಟ್ ಮೆನು ತೆರೆದು ಉಳಿದ ಡಿಸ್ಟ್ರೋದ ಹೆಸರಿದೆಯಾ ನೋಡಿ, ಇದ್ದರೆ ಅದನ್ನ ಆರಿಸಿದರಾಯ್ತು. ಇಲ್ಲದಿದ್ದರೆ ಆ ಪ್ರಾಂಪ್ಟಿನಲ್ಲೇ 'ಎಲ್‌ಎಸ್' ಕೊಡಿ, ಪಾರ್ಟಿಷನ್ ಪಟ್ಟಿ ಬರುತ್ತೆ. ಒಂದೊಂದರ ಒಳಗೂ 'ಎಲ್‌ಎಸ್' ಕೊಟ್ಟು ಬೂಟ್ ಫೋಲ್ಡರ್ ಎಲ್ಲಿದೆ ನೋಡಿ. ಸಿಕ್ಕ ಮೇಲೆ 'ಕಾನ್ಫಿಗ್‌ಫೈಲ್' ಅಂತ ಬರೆದು, ಆ ಪಾರ್ಟಿಷನ್ನಿನ ಹೆಸರನ್ನ ಆವರಣದಲ್ಲಿ ಕೊಟ್ಟು, ಬೂಟ್, ಗ್ರಬ್ ಒಳಗಿನ ಕಾನ್ಫಿಗ್ ಫೈಲಿನ ದಾರಿ ಕೊಡಿ. ಮಿಂಟಿನ ಮೆನು ಹಾಗೇ ಎದ್ದು ಬರುತ್ತೆ. ಒಳಗೆ ಹೋಗಿ 'ಗ್ರಬ್-ಇನ್‌ಸ್ಟಾಲ್', ಆಮೇಲೆ 'ಅಪ್‌ಡೇಟ್-ಗ್ರಬ್'.

ಹಿಂದಕ್ಕೆ_ಬಟನ್
ರೂಟ್ ಬಿಟಿಆರ್‌ಎಫ್‌ಎಸ್ ಇದ್ದರೆ ದಾರಿಯಲ್ಲಿ ಸಬ್‌ವಾಲ್ಯೂಮ್ ಹೆಸರೂ ಬರಬೇಕು, ಅಂದರೆ ಬೂಟ್‌ಗೆ ಮುಂಚೆ '@'. ಅದಿಲ್ಲದೆ ಫೈಲ್ ಸಿಗಲಿಲ್ಲ ಅನ್ನುತ್ತೆ.

ಪಾರ್ಟಿಷನ್_ಪ್ರಶ್ನೆ
ಬರೆದಿಟ್ಟುಕೊಂಡೆ. ಮೊದಲು ಬಿಟ್‌ಲಾಕರ್ ಕೀ, ಆಮೇಲೆ ಡೇಟಾ ಪಾರ್ಟಿಷನ್, ಆಮೇಲೆ ಟಂಬಲ್‌ವೀಡ್. ಅದರ ಇನ್‌ಸ್ಟಾಲರ್ ಹೇಳೋ ಪಾರ್ಟಿಷನ್ ಸಲಹೆ ಒಪ್ಪಬಹುದಾ?

ಹಿಂದಕ್ಕೆ_ಬಟನ್
ಹಾಗೇ ಒಪ್ಪಬೇಡಿ. ಎಕ್ಸ್‌ಪರ್ಟ್ ಪಾರ್ಟಿಷನರ್ ತೆರೆದು 40 ಜಿಬಿಯ ಜಾಗವನ್ನ ಮಾತ್ರ ರೂಟ್ ಅಂತ ಕೊಡಿ, ಇಎಫ್‌ಐ ಪಾರ್ಟಿಷನ್ 'ಫಾರ್ಮ್ಯಾಟ್ ಬೇಡ' ಅಂತ ಇರಲಿ. ಸ್ನ್ಯಾಪ್‌ಶಾಟ್ ಆನ್ ಇದ್ದರೆ 40 ಜಿಬಿ ಬೇಗ ತುಂಬುತ್ತೆ, ಸ್ನ್ಯಾಪರ್ ಸೆಟ್ಟಿಂಗಿನಲ್ಲಿ ಎಷ್ಟು ಸ್ನ್ಯಾಪ್‌ಶಾಟ್ ಉಳಿಸಬೇಕು ಅನ್ನೋ ಸಂಖ್ಯೆ ಇಳಿಸಿ. ಆಗಾಗ 'ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ ಯೂಸೇಜ್' ನೋಡ್ತಿರಿ, 'ಡಿಎಫ್' ತೋರಿಸೋ ಅಂಕಿ ಅಲ್ಲಿ ಪೂರ್ತಿ ಚಿತ್ರ ಕೊಡಲ್ಲ.